ಲ್ಯಾಬ್ರಡಾರ್: ಹೊಟ್ಟೆ ತುಂಬದ ಗೆಳೆಯ

ನಾಯಿ ಸಾಕಬೇಕೆಂದಿರುವವರು ಯಾವ ತಳಿಯನ್ನು ತರಲಿ ಎಂದು ವಿಚಾರಿಸಿದಾಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಲ್ಯಾಬ್ರಡಾರ್. ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ, ಬಂದವರ ಮೇಲೆ ಎರಗುವುದಿಲ್ಲ, ಹೇಳಿಕೊಟ್ಟದ್ದನ್ನು ಬೇಗ ಕಲಿಯುತ್ತದೆ, ಹಾಕಿದ್ದನ್ನು ತಿನ್ನುತ್ತದೆ. ಅಮೆರಿಕದ ಕೆನಲ್ ಕ್ಲಬ್ಬಿನ ನೋಂದಣಿಯಲ್ಲಿ 1991ರಿಂದ 2021ರವರೆಗೆ, ಅಂದರೆ ಸತತ 31 ವರ್ಷ, ಇದೇ ತಳಿ ಮೊದಲ ಸ್ಥಾನದಲ್ಲಿತ್ತು. 2022ರಲ್ಲಿ ಫ್ರೆಂಚ್ ಬುಲ್‌ಡಾಗ್ ಆ ಸ್ಥಾನವನ್ನು ಪಡೆಯಿತು.

ಮೇಲೆ ಹೇಳಿದ ಗುಣಗಳಲ್ಲಿ ಕೊನೆಯದನ್ನು ಜನ ಒಂದು ಅನುಕೂಲವೆಂದು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಆ ತಳಿಯ ದೊಡ್ಡ ತೊಡಕು ಅದರಲ್ಲೇ ಇದೆ ಎಂದು ತಿಳಿಯಲು ನಮ್ಮ ಮನೆಯ ನಾಯಿಯ ತೂಕ 39 ಕಿಲೋಗ್ರಾಂ ಆಗಬೇಕಾಯಿತು. ಅದಕ್ಕೆ ಮಗಳು ಇಟ್ಟ ಹೆಸರು ಗುಂಡ. ಹೆಸರಿಟ್ಟಾಗ ಅದು ಎರಡು ತಿಂಗಳ ಮರಿ. ಹೆಸರು ಇಷ್ಟು ನಿಜವಾಗುತ್ತದೆಂದು ಯಾರೂ ಎಣಿಸಿರಲಿಲ್ಲ.

ತಣ್ಣೀರಿನಲ್ಲಿ ರೂಪುಗೊಂಡ ದೇಹ

ಹೆಸರು ಲ್ಯಾಬ್ರಡಾರ್ ಆದರೂ ಈ ನಾಯಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಬಳಿ ಸೇಂಟ್ ಜಾನ್ಸ್ ನೀರುನಾಯಿ ಎಂದು ಕರೆಯುತ್ತಿದ್ದ ತಳಿಯೊಂದಿತ್ತು. (ಇದು ನಾಯಿಯೇ, ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿರುವ ನೀರುನಾಯಿ ಬೇರೆ ಪ್ರಾಣಿ.) ಗಾಳದಿಂದ ಜಾರಿದ ಮೀನನ್ನು ಹಿಡಿದು ತರುವುದು, ಬಲೆಯ ಹಗ್ಗವನ್ನು ದಡಕ್ಕೆ ಎಳೆಯುವುದು ಅದರ ಕೆಲಸ. ಹತ್ತೊಂಬತ್ತನೆಯ ಶತಮಾನದಲ್ಲಿ ಮೀನಿನ ಹಡಗುಗಳಲ್ಲಿ ಇಂಗ್ಲೆಂಡಿಗೆ ಬಂದ ಈ ನಾಯಿಗಳನ್ನು ಅಲ್ಲಿನ ಸಿರಿವಂತರು ಬೇಟೆಯಲ್ಲಿ ಬಿದ್ದ ಹಕ್ಕಿಗಳನ್ನು ಎತ್ತಿ ತರಲು ಪಳಗಿಸಿದರು. ಬ್ರಿಟನ್ನಿನ ಕೆನಲ್ ಕ್ಲಬ್ 1903ರಲ್ಲಿ ಇದನ್ನು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು. ಮೂಲ ಸೇಂಟ್ ಜಾನ್ಸ್ ತಳಿ ಈಗ ಉಳಿದಿಲ್ಲ.

ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಮಂಜುಗಡ್ಡೆ ತೇಲುವ ಕಡಲಿಗೆ ಧುಮುಕುವ ಪ್ರಾಣಿ ತನ್ನ ದೇಹದ ಉಷ್ಣವನ್ನು ಹೇಗೆ ಉಳಿಸಿಕೊಂಡೀತು? ಲ್ಯಾಬ್ರಡಾರಿಗೆ ಎರಡು ಪದರದ ಕೂದಲಿದೆ. ಹೊರಗೆ ಒರಟಾದ, ಎಣ್ಣೆಯ ಅಂಶವಿರುವ ಕೂದಲು. ಒಳಗೆ ಮೃದುವಾದ ದಟ್ಟ ತುಪ್ಪುಳ. ತುಪ್ಪುಳದಲ್ಲಿ ಸಿಕ್ಕಿಕೊಂಡ ಗಾಳಿಯೇ ಉಷ್ಣನಿರೋಧಕ.

ನೀರಿನಿಂದ ಮೇಲೆ ಬಂದ ನಾಯಿ ಮೈ ಕೊಡವುವುದನ್ನು ನೀವು ನೋಡಿಯೇ ಇರುತ್ತೀರಿ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ವಿಜ್ಞಾನಿಗಳು 2012ರಲ್ಲಿ ಇದನ್ನು ಅಳೆದು ವರದಿ ಮಾಡಿದರು. ಇಲಿ ಸೆಕೆಂಡಿಗೆ ಸುಮಾರು 30 ಸಲ ಮೈ ಕೊಡವಿದರೆ, ಕರಡಿ ಸುಮಾರು 4 ಸಲ; ಲ್ಯಾಬ್ರಡಾರ್ ಗಾತ್ರದ ನಾಯಿಯದು 4ರಿಂದ 5. ದೇಹದ ತ್ರಿಜ್ಯ ಕಡಿಮೆಯಿದ್ದಷ್ಟೂ ಆವೃತ್ತಿ ಹೆಚ್ಚಬೇಕು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: ತ್ರಿಜ್ಯ 12 ಸೆಂಟಿಮೀಟರ್, ಆವೃತ್ತಿ 4.5 ಎಂದಿಟ್ಟುಕೊಂಡರೆ ಅಭಿಕೇಂದ್ರ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಸುಮಾರು ಹತ್ತು ಪಟ್ಟು ಬರುತ್ತದೆ. ಕೂದಲಿಗೆ ಅಂಟಿದ ಹನಿ ಅಷ್ಟಕ್ಕೆ ನಿಲ್ಲಲಾರದು. ಗೋಡೆಯ ಸುಣ್ಣಬಣ್ಣ ಹೊಸದಾಗಿದ್ದರೆ ಈ ಪ್ರಯೋಗವನ್ನು ಹೊರಗೇ ಮಾಡುವುದು ಒಳ್ಳೆಯದು.

ಇದೇ ಕೂದಲು ವರ್ಷವಿಡೀ ಉದುರುತ್ತದೆ. ಸೋಫಾ, ಹಾಸಿಗೆ, ಉತ್ತರಪತ್ರಿಕೆಯ ಕಟ್ಟು, ಕೆಲವೊಮ್ಮೆ ಸಾರಿನ ಪಾತ್ರೆ. ಇದನ್ನು ಸಹಿಸಲಾರದವರು ಈ ತಳಿಯ ಗೊಡವೆಗೆ ಹೋಗಬಾರದು.

ನಮ್ಮ ಬಿಸಿಲಿನಲ್ಲಿ

ತಣ್ಣೀರಿಗೆ ಹೊಂದಿದ ದೇಹ ನಮ್ಮ ಏಪ್ರಿಲ್ ತಿಂಗಳನ್ನು ಹೇಗೆ ಎದುರಿಸುತ್ತದೆ? ನಾಯಿಯ ಸಹಜ ದೇಹತಾಪ 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಪಂಜದ ಅಡಿಯನ್ನು ಬಿಟ್ಟರೆ ಮೈಮೇಲೆ ನಮ್ಮಂತೆ ಬೆವರುವುದಿಲ್ಲ. 30 ಕಿಲೋಗ್ರಾಂ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 900 ಕಿಲೋಕ್ಯಾಲೊರಿ ಶಕ್ತಿಯನ್ನು ಉಷ್ಣವಾಗಿ ಹೊರಹಾಕಬೇಕು. ಇದು ಸುಮಾರು 44 ವ್ಯಾಟ್. ಹಳೆಯ 40 ವ್ಯಾಟ್ ಬಲ್ಬಿನಷ್ಟು. ಓಡುವಾಗ ಇದು ಹಲವು ಪಟ್ಟಾಗುತ್ತದೆ.

ಸುತ್ತಲ ಗಾಳಿ ತಂಪಾಗಿದ್ದರೆ ವಹನ, ಸಂವಹನ, ವಿಕಿರಣಗಳಿಂದ ಈ ಉಷ್ಣ ಹೊರಹೋಗುತ್ತದೆ. ಗಾಳಿಯ ತಾಪ ದೇಹತಾಪವನ್ನು ಮುಟ್ಟಿದಾಗ ಉಳಿಯುವ ದಾರಿ ಒಂದೇ, ಬಾಯಿ ಮತ್ತು ಉಸಿರಾಟದ ಮಾರ್ಗದಿಂದ ನೀರನ್ನು ಆವಿಯಾಗಿಸುವುದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಬೇಕಾದ್ದರಿಂದ, 44 ವ್ಯಾಟ್ ಪೂರ್ತಿ ಈ ದಾರಿಯಲ್ಲೇ ಹೋಗಬೇಕಾದರೆ ಗಂಟೆಗೆ 66 ಗ್ರಾಂ ನೀರು ಬೇಕು. ನಾಯಿ ನಾಲಗೆ ಚಾಚಿ ಏದುಸಿರು ಬಿಡುವುದರ ಅರ್ಥ ಇಷ್ಟೇ. ಗಾಳಿಯಲ್ಲಿ ಆಗಲೇ ತೇವ ಹೆಚ್ಚಿದ್ದರೆ ಆವಿಯಾಗುವಿಕೆ ನಿಧಾನವಾಗುತ್ತದೆ. ಹೀಗಾಗಿ ಕರಾವಳಿಯ 33 ಡಿಗ್ರಿಯನ್ನು ಹಗುರವಾಗಿ ಕಾಣುವಂತಿಲ್ಲ. ಇದರ ಮೇಲೆ ಚರ್ಮದಡಿ ಕೊಬ್ಬು ಸೇರಿದರೆ ಉಷ್ಣನಿರೋಧಕ ಮತ್ತೊಂದು ಪದರ ಬೆಳೆದಂತಾಯಿತು. ನಮ್ಮ ಮುಧೋಳ ನಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ: ಕಿರಿದಾದ ಸೊಂಟ, ಉದ್ದ ಕಾಲು, ತೆಳು ಕೂದಲು, ತೂಕಕ್ಕೆ ಹೋಲಿಸಿದರೆ ಹೆಚ್ಚು ಮೈಹರವು. ಬಯಲುಸೀಮೆಯ ಬಿಸಿಲಿನ ಲೆಕ್ಕ ಆ ದೇಹದಲ್ಲೇ ಇದೆ.

ಲ್ಯಾಬ್ರಡಾರನ್ನು ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಅಥವಾ ಸಂಜೆ ತಡವಾಗಿ ಮಾತ್ರ ತಿರುಗಾಡಿಸಬೇಕು. ಡಾಂಬರಿನ ಮೇಲೆ ಅಂಗೈಯ ಹಿಂಭಾಗವನ್ನು ಏಳೆಂಟು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಂಜಕ್ಕೂ ಅದು ಸುಡುತ್ತದೆ. ನಿಲ್ಲಿಸಿದ ಕಾರಿನಲ್ಲಂತೂ ಐದು ನಿಮಿಷವೂ ಬಿಡಬಾರದು. ನಾಯಿ ತೂರಾಡಿದರೆ, ಏದುಸಿರು ನಿಲ್ಲದಿದ್ದರೆ ಮೊದಲು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, ಬಳಿಕ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಹದಿನಾಲ್ಕು ಅಕ್ಷರಗಳ ಕೊರತೆ

ಈಗ ಹಸಿವಿನ ವಿಷಯಕ್ಕೆ ಬರೋಣ. ಲ್ಯಾಬ್ರಡಾರ್ ಹೊಟ್ಟೆಬಾಕ ಎಂಬುದು ಸಾಕಿದವರಿಗೆಲ್ಲ ಗೊತ್ತು. ಇದಕ್ಕೆ ಆನುವಂಶಿಕ ಕಾರಣವಿದೆಯೆಂದು 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲಿನಾರ್ ರಾಫನ್ ಮತ್ತು ಸಂಗಡಿಗರು ತೋರಿಸಿದರು. ಪಿಒಎಂಸಿ ಎಂಬ ಜೀನ್, ಊಟ ಸಾಕೆಂದು ಮಿದುಳಿಗೆ ತಿಳಿಸುವ ವ್ಯವಸ್ಥೆಗೆ ಬೇಕಾದ ಪ್ರೋಟೀನುಗಳನ್ನು ರೂಪಿಸುತ್ತದೆ. ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಈ ಜೀನಿನ ಡಿಎನ್‌ಎಯ 14 ಅಕ್ಷರಜೋಡಿಗಳು ಬಿಟ್ಟುಹೋಗಿವೆ. ದೋಷವುಳ್ಳ ಪ್ರತಿ ಒಂದಿದ್ದರೆ ನಾಯಿಯ ತೂಕ ಸರಾಸರಿ 2 ಕಿಲೋಗ್ರಾಂನಷ್ಟು ಹೆಚ್ಚು; ಎರಡಿದ್ದರೆ ಇನ್ನೂ ಅಷ್ಟು.

ಅದೇ ಗುಂಪು 2024ರಲ್ಲಿ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿತು. ಹೊಟ್ಟೆ ತುಂಬ ತಿನ್ನಲು ಬಿಟ್ಟಾಗ ಜೀನ್ ದೋಷವಿರುವ ನಾಯಿಗಳೂ ಇಲ್ಲದವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದವು. ಆದರೆ ಬೆಳಗಿನ ಊಟವಾಗಿ ಮೂರು ಗಂಟೆಯ ನಂತರ, ಪಾರದರ್ಶಕ ಪೆಟ್ಟಿಗೆಯೊಳಗೆ ಮಾಂಸದ ತುಂಡೊಂದನ್ನು ಇಟ್ಟು ತೋರಿಸಿದಾಗ, ದೋಷವಿರುವ ನಾಯಿಗಳು ಅದನ್ನು ಪಡೆಯಲು ಬಹಳ ಹೆಚ್ಚು ಹೆಣಗಿದವು. ಊಟ ಊಟಗಳ ನಡುವೆ ಅವುಗಳಿಗೆ ಹಸಿವು ಹೆಚ್ಚು. ಜೊತೆಗೆ, ವಿಶ್ರಾಂತಿಯಲ್ಲಿ ಅವು ವ್ಯಯಿಸುವ ಶಕ್ತಿ ಸುಮಾರು 25 ಪ್ರತಿಶತ ಕಡಿಮೆ. ಹೆಚ್ಚು ಹಸಿವು, ಕಡಿಮೆ ಖರ್ಚು. ತೂಕ ಏರಲು ಇನ್ನೇನು ಬೇಕು?

2016ರ ಅಧ್ಯಯನದಲ್ಲಿ ನನಗೆ ಅತ್ಯಂತ ಕುತೂಹಲಕರವೆನಿಸಿದ್ದು ಬೇರೆಯೇ. ಅಂಗವಿಕಲರ ನೆರವಿಗೆ ತರಬೇತಿ ಪಡೆದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರಕ್ಕೆ ಈ ದೋಷವಿತ್ತು! ತರಬೇತಿ ನಡೆಯುವುದು ತಿನಿಸಿನ ಬಹುಮಾನದಿಂದ. ತಿನಿಸಿಗಾಗಿ ಏನನ್ನೂ ಮಾಡುವ ನಾಯಿ ಚೆನ್ನಾಗಿ ಕಲಿಯುತ್ತದೆ. ಚೆನ್ನಾಗಿ ಕಲಿತದ್ದರ ಸಂತತಿಯನ್ನೇ ತರಬೇತುದಾರರು ಆಯ್ದು ಬೆಳೆಸುತ್ತಾರೆ. ಅವರಿಗೆ ಅರಿವಿಲ್ಲದೆಯೇ ಹಸಿವನ್ನು ಆಯ್ದಂತಾಗಿರಬಹುದು ಎಂಬುದು ಸಂಶೋಧಕರ ಊಹೆ. ನಮ್ಮ ಪೊಲೀಸ್ ಶ್ವಾನದಳಗಳಲ್ಲಿ ಸ್ಫೋಟಕ ಪತ್ತೆಗೆ ಲ್ಯಾಬ್ರಡಾರ್‌ಗಳನ್ನು ಬಳಸುತ್ತಾರಲ್ಲ, ಅವುಗಳ ಉತ್ಸಾಹದಲ್ಲಿ ಮೂಗಿನ ಪಾಲೆಷ್ಟು, ಹೊಟ್ಟೆಯ ಪಾಲೆಷ್ಟು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಗುಂಡನ ಲೆಕ್ಕ

ಗುಂಡನಿಗೆ ನಾಲ್ಕು ವರ್ಷವಾದಾಗ ಮೆಟ್ಟಿಲು ಹತ್ತಲು ಹಿಂಜರಿಯತೊಡಗಿತು. ಪಶುವೈದ್ಯರು ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿ, ತೂಕ ಎಷ್ಟೆಂದು ಕೇಳಿದರು. ನಾನು ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನನ್ನ ತೂಕವನ್ನು ಕಳೆದೆ. 39 ಕಿಲೋಗ್ರಾಂ. ಅದರ ಎಲುಬಿನ ಹಂದರಕ್ಕೆ 30 ಇದ್ದರೆ ಸರಿ ಎಂದರು. "ನಾವು ದಿನಕ್ಕೆ ಎರಡೇ ಸಲ, ಅಳತೆ ಮಾಡಿ ಹಾಕುತ್ತೇವೆ ಡಾಕ್ಟರೇ" ಎಂದೆ. ಅವರು ನಕ್ಕು, "ಮನೆಯಲ್ಲಿ ಬೇರೆ ಯಾರು ಯಾರಿದ್ದಾರೆ ಸರ್?" ಎಂದು ಕೇಳಿದರು.

ಮೂವತ್ತು ವರ್ಷದಿಂದ ಮಕ್ಕಳಿಗೆ ಅವಲೋಕನದ ದೋಷಗಳನ್ನು ಪಾಠ ಮಾಡುತ್ತಿರುವವನಿಗೆ ಇದು ಮುಟ್ಟಬೇಕಾದಲ್ಲಿಗೆ ಮುಟ್ಟಿತು. ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಯಾರು ಏನು ಕೊಟ್ಟರೂ ಒಂದು ವಾರ ಬರೆಯಬೇಕೆಂದೆ. ತಟ್ಟೆಯ ಆಹಾರ ದಿನಕ್ಕೆ ಸುಮಾರು 1240 ಕಿಲೋಕ್ಯಾಲೊರಿ. ಹಾಳೆಯಲ್ಲಿ ಕಂಡದ್ದು: ಅಮ್ಮನ ಕೈಯಿಂದ ಎರಡು ಚಪಾತಿ 220, ನನ್ನ ಚಹಾದ ಜೊತೆಗಿನ ಬಿಸ್ಕತ್ತು ಆರು 150, ರಾತ್ರಿ ಉಳಿದ ಮೊಸರನ್ನ 150, ಕಾಯಿ ತುರಿಯುವಾಗ ಬಿದ್ದ ಚೂರುಗಳು 40. ಒಟ್ಟು 560. ಬಿಸ್ಕತ್ತು ಕೊಡುತ್ತಿದ್ದವನು ನಾನೇ ಎಂಬುದನ್ನು ಹಾಳೆ ನೋಡಿದ ಮೇಲೆಯೇ ಒಪ್ಪಿಕೊಂಡೆ.

ನಾಯಿಗೆ ಎಷ್ಟು ಬೇಕು? ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಪ್ರಾಣಿಗಳ ವಿಶ್ರಾಂತಿಯ ಶಕ್ತಿವ್ಯಯ ದ್ರವ್ಯರಾಶಿಯ 0.75ನೆಯ ಘಾತಕ್ಕೆ ಅನುಪಾತದಲ್ಲಿದೆ ಎಂದು ತೋರಿಸಿದ. ಸಾಧಾರಣ ಕ್ಯಾಲ್ಕುಲೇಟರಿನಲ್ಲಿಯೂ ಇದನ್ನು ಮಾಡಬಹುದು. 30ರ ಘನ 27000. ಎರಡು ಸಲ ವರ್ಗಮೂಲ ತೆಗೆದರೆ 12.8, ಅದನ್ನು 70ರಿಂದ ಗುಣಿಸಿದರೆ ಸುಮಾರು 900 ಕಿಲೋಕ್ಯಾಲೊರಿ. ಮನೆಯಲ್ಲಿರುವ, ಸ್ವಲ್ಪ ನಡೆದಾಡುವ ನಾಯಿಗೆ ಇದರ 1.4ರಿಂದ 1.6 ಪಟ್ಟು ಸಾಕು. 1.4 ಎಂದು ಹಿಡಿದರೆ 1260. ಅಂದರೆ ತಟ್ಟೆಗೆ ಹಾಕುತ್ತಿದ್ದುದು ಸರಿಯಾಗಿಯೇ ಇತ್ತು. ಹೆಚ್ಚಾದದ್ದೆಲ್ಲ ತಟ್ಟೆಯ ಹೊರಗಿನ ಪ್ರೀತಿ.

ಈ ಪ್ರೀತಿಯ ಬೆಲೆಯನ್ನು ಅಳೆದವರಿದ್ದಾರೆ. ಅಮೆರಿಕದಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಒಂದೇ ಸೂಲಿನವು ಜೋಡಿಯಾಗುವಂತೆ ಎರಡು ಗುಂಪು ಮಾಡಿ, ಒಂದಕ್ಕೆ ಅದರ ಜೋಡಿ ತಿನ್ನುವುದಕ್ಕಿಂತ 25 ಪ್ರತಿಶತ ಕಡಿಮೆ ಆಹಾರವನ್ನು ಬದುಕಿರುವವರೆಗೂ ಕೊಟ್ಟರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಕ ಆಯಸ್ಸು 11.2 ವರ್ಷ, ಕಡಿಮೆ ತಿಂದದ್ದರದು 13.0. ಕೀಲುನೋವೂ ಎರಡನೆಯ ಗುಂಪಿನಲ್ಲಿ ತಡವಾಗಿ ಬಂತು. ಸುಮಾರು ಎರಡು ವರ್ಷದ ಆಯಸ್ಸು! ನಾಯಿಗೆ ಅದು ಬದುಕಿನ ಏಳನೆಯ ಒಂದು ಪಾಲು. ಜೀನ್ ದೋಷವಿದ್ದರೇನು ಗತಿ ಎಂದು ಕೇಳಬಹುದು. ಕೇಂಬ್ರಿಜ್ ಗುಂಪು 2025ರಲ್ಲಿ ಬೊಜ್ಜಿಗೆ ಸಂಬಂಧಿಸಿದ ಇನ್ನಷ್ಟು ಜೀನುಗಳನ್ನು ಗುರುತಿಸಿತಾದರೂ, ಆಹಾರ ಮತ್ತು ವ್ಯಾಯಾಮದಲ್ಲಿ ಒಡೆಯರು ಕಟ್ಟುನಿಟ್ಟಾಗಿದ್ದರೆ ಅಪಾಯ ಹೆಚ್ಚಿರುವ ನಾಯಿಗಳನ್ನೂ ಬೊಜ್ಜಿನಿಂದ ದೂರವಿಡಬಹುದೆಂದು ಕಂಡಿತು. ಹಾಗೆ ಮಾಡಲು ಅವರು ಹೆಚ್ಚು ಕಷ್ಟಪಡಬೇಕು, ಅಷ್ಟೆ.

ಮರಿ ತರುವ ಮುನ್ನ

ಮಾರುವವರು ಬಣ್ಣದ ಬಗ್ಗೆ ಬಹಳ ಮಾತನಾಡುತ್ತಾರೆ. ಕಪ್ಪು, ಕಂದು, ಹಳದಿ ಮೂರೂ ಒಂದೇ ಸೂಲಿನಲ್ಲಿ ಹುಟ್ಟಬಹುದು. ಒಂದು ಜೀನ್ ವರ್ಣಕವನ್ನು ಕಪ್ಪೋ ಕಂದೋ ಎಂದು ನಿರ್ಧರಿಸಿದರೆ, ಇನ್ನೊಂದರ ಎರಡೂ ಪ್ರತಿಗಳು ಅಪ್ರಬಲವಾಗಿದ್ದಾಗ ಆ ವರ್ಣಕ ಕೂದಲಿಗೆ ಸೇರದೆ ನಾಯಿ ಹಳದಿಯಾಗುತ್ತದೆ. ಎರಡೂ ಜೀನುಗಳಲ್ಲಿ ಮಿಶ್ರವಾಗಿರುವ ಕಪ್ಪು ತಂದೆತಾಯಿಗಳಿಂದ ನಿರೀಕ್ಷಿತ ಅನುಪಾತ 9 ಕಪ್ಪು, 3 ಕಂದು, 4 ಹಳದಿ. ಮೆಂಡಲನ 9:3:3:1 ಇಲ್ಲಿ ಏಕೆ ಬದಲಾಯಿತು ಎಂಬುದನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬ್ರಿಟನ್ನಿನಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂದು ನಾಯಿಗಳ ಮಧ್ಯಕ ಆಯಸ್ಸು 10.7 ವರ್ಷ, ಉಳಿದವುಗಳದು 12.1 ಎಂದು ಕಂಡುಬಂತು. ಬಣ್ಣವೇ ಇದಕ್ಕೆ ಕಾರಣವೆನ್ನಲಾಗದು. ಬಣ್ಣದ ಆಸೆಗೆ ಕಿರಿದಾದ ಸಂತತಿಯೊಳಗೇ ಕೂಡಿಸಿದ್ದರ ಫಲವಿರಬಹುದು.

ಬಣ್ಣಕ್ಕಿಂತ ಮೊದಲು ಮರಿಯ ತಂದೆತಾಯಿಗಳ ಸೊಂಟದ ಕೀಲಿನ ಎಕ್ಸ್‌ರೇ ಕೇಳಿ. ಮಾರುವವರು ತೋರಿಸದಿದ್ದರೆ ಬೇರೆ ಕಡೆ ನೋಡಿ. ಕಾವಲಿಗೆಂದು ಈ ತಳಿ ತರುವವರಿಗೆ ನಿರಾಶೆ ಖಂಡಿತ. ಕಳ್ಳನ ಕೈಯಲ್ಲಿ ಬ್ರೆಡ್ಡಿದ್ದರೆ ಗುಂಡ ಅವನಿಗೆ ಬೀರು ತೋರಿಸಿಯಾನು. ಮೊದಲ ಎರಡು ವರ್ಷ ಚಪ್ಪಲಿ, ಪುಸ್ತಕ, ಕುರ್ಚಿಯ ಕಾಲು ಯಾವುದೂ ಉಳಿಯುವುದಿಲ್ಲ. ದಿನಕ್ಕೆ ಒಂದು ಗಂಟೆಯಾದರೂ ನಡಿಗೆ ಬೇಕು. ನಮ್ಮ ಹುಳಿ, ಪಲ್ಯಗಳಲ್ಲಿರುವ ಈರುಳ್ಳಿ, ಹಾಗೆಯೇ ದ್ರಾಕ್ಷಿ, ಚಾಕೊಲೇಟ್ ನಾಯಿಗಳಿಗೆ ವಿಷ.

ವೈದ್ಯರು ಹೇಳಿದಂತೆ ನಿಧಾನವಾಗಿ, ಹನ್ನೊಂದು ತಿಂಗಳಲ್ಲಿ ಗುಂಡ 31 ಕಿಲೋಗ್ರಾಂಗೆ ಇಳಿಯಿತು. ಕೀಲು ಮೊದಲಿನಂತಾಗಲಿಲ್ಲ, ಆಗಲೇ ಸವೆದದ್ದು ಮರಳಿ ಬರುವುದಿಲ್ಲ. ಅಮ್ಮನಿಗೆ ಮಾತ್ರ ಚಪಾತಿ ನಿಲ್ಲಿಸೆಂದು ಹೇಳಲಾಗಲಿಲ್ಲ. ಈಗ ದಿನಕ್ಕೆ ಕಾಲು ಚಪಾತಿ, ಅಷ್ಟನ್ನು ತಟ್ಟೆಯ ಆಹಾರದಿಂದ ಕಳೆಯುತ್ತೇವೆ. ಅಮ್ಮ ಅದನ್ನೇ ಎಂಟು ಚೂರು ಮಾಡಿ, ಒಂದೊಂದಾಗಿ ಕೊಡುತ್ತಾರೆ. ಒಂಬತ್ತು ವರ್ಷದ ಗುಂಡ ಪ್ರತಿ ಚೂರಿಗೂ ಹೊಸದಾಗಿ ಕುಳಿತು, ಮುಂಗಾಲು ಎತ್ತಿ ಕೈ ಕೊಡುತ್ತದೆ.