ಬಳಸಿದ ಸಣ್ಣ ಟ್ರ್ಯಾಕ್ಟರ್ ಖರೀದಿ: ಟೈರುಗಳ ಪರಿಶೀಲನೆ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಭಾಗದ ರೈತರು ಬಳಸಿದ ಸಣ್ಣ ಟ್ರ್ಯಾಕ್ಟರ್ ಕೊಳ್ಳುವಾಗ ಎಂಜಿನ್ನಿನಷ್ಟೇ ಟೈರುಗಳನ್ನೂ ಪರಿಶೀಲಿಸುವುದು ಅವಶ್ಯಕ. ಟೈರಿನ ಪಕ್ಕದಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆಯು ತಯಾರಿಕೆಯ ವಾರ ಹಾಗೂ ವರ್ಷವನ್ನು ಸೂಚಿಸುತ್ತದೆ. 2318 ಎಂದರೆ 2018ರ 23ನೇ ವಾರ. ಗ್ರಿಪ್ ಉಳಿದಿದ್ದರೂ ಪಕ್ಕದ ರಬ್ಬರ್ ಬಿರುಕು ಬಿಟ್ಟಿದ್ದರೆ ಅಂತಹ ಟೈರನ್ನು ನಂಬಲಾಗದು. ಗ್ರಿಪ್ ಸವೆದಿದ್ದರೆ ಒದ್ದೆಯಾದ ಎರೆಭೂಮಿಯಲ್ಲಿ ಚಕ್ರ ಜಾರಿ ಡೀಸೆಲ್ ವ್ಯರ್ಥವಾಗುತ್ತದೆ.

ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರಿನಲ್ಲಿ ಮುಂದಿನ ಹಾಗೂ ಹಿಂದಿನ ಟೈರುಗಳ ಸುತ್ತಳತೆಯು ಗೇರುಗಳಿಗೆ ಹೊಂದಿಕೆಯಾಗಿರುತ್ತದೆ. ಬೇರೆ ಅಳತೆಯ ಟೈರ್ ಅಳವಡಿಸಿದಲ್ಲಿ ಗೇರುಗಳಿಗೆ ಹಾನಿಯಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಸೂಚಿಸಿದ ಅಳತೆಯನ್ನೇ, ಜೋಡಿಯಾಗಿ ಬದಲಿಸತಕ್ಕದ್ದು. ಹೊಸ ಟೈರುಗಳ ವೆಚ್ಚವನ್ನು ಮೊದಲೇ ವಿಚಾರಿಸಿ ದರ ನಿಶ್ಚಯಿಸಬೇಕು. ಇಲ್ಲವಾದಲ್ಲಿ ಅಗ್ಗದ ಟ್ರ್ಯಾಕ್ಟರೇ ತುಟ್ಟಿಯಾಗುತ್ತದೆ. ಸದಸ್ಯರು ಈ ವಿಷಯವನ್ನು ಗ್ರಾಮಸಭೆಯಲ್ಲಿ ರೈತರಿಗೆ ತಿಳಿಸುವುದು.