ಕಲ್ಲಿನ ಊರಿನಲ್ಲಿ ಹಲಗೆಯ ನೆಲ

ಮಾಗಡಿ ತಾಲ್ಲೂಕಿನ ನಮ್ಮ ಕಲ್ಯದಲ್ಲಿ ಕಲ್ಲಿಗೆ ಬರವಿಲ್ಲ. ಬೆಟ್ಟವೂ ಕಲ್ಲು, ಜಗಲಿಯೂ ಕಲ್ಲು. ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ 1368ರ ಶಾಸನದ ಒಂದು ಪ್ರತಿ ದೊರೆತದ್ದು ಇಲ್ಲಿಯೇ, ಇನ್ನೊಂದು ಶ್ರವಣಬೆಳಗೊಳದಲ್ಲಿದೆ. ಆರೂವರೆ ಶತಮಾನ ಅಕ್ಷರ ಕಾಪಾಡಿದ ಕಲ್ಲಿರುವಾಗ ಮನೆಯ ನೆಲಕ್ಕೆ ಮರವೇಕೆ ಎಂದು ನೆರೆಯವರು ಕೇಳಿದ್ದು ಸಹಜವೇ.

ಕಾರಣ ನಮ್ಮ ತಾಯಿಯವರು. ವಯಸ್ಸು ಎಂಬತ್ತು ದಾಟಿದೆ. ಪುಷ್ಯಮಾಸದ ಬೆಳಗಿನಲ್ಲಿ ಚಪ್ಪಡಿಯ ಮೇಲೆ ಕಾಲಿಟ್ಟರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಮರ ತಾನಾಗಿ ಬೆಚ್ಚಗಿರುತ್ತದೆಂಬುದು ತಪ್ಪು ತಿಳಿವಳಿಕೆ. ಒಂದೇ ಕೋಣೆಯ ಕಲ್ಲಿಗೂ ಮರಕ್ಕೂ ಶಾಖ ಸುಮಾರು ಒಂದೇ. ಆದರೆ ಕಲ್ಲು ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಮುದುಕರು ಜಾರಿ ಬಿದ್ದರೂ ಹಲಗೆ ಅಷ್ಟಿಷ್ಟು ಬಾಗಿ ಪೆಟ್ಟನ್ನು ತಗ್ಗಿಸುತ್ತದೆ.

ಮೊದಲ ಪ್ರಯತ್ನದಲ್ಲಿ ನಾವು ಸೋತೆವೆಂಬುದನ್ನು ಮುಚ್ಚಿಡುವುದಿಲ್ಲ. ಕೆಲಸಕ್ಕೆ ಬಂದವರು ಹಲಗೆಯನ್ನು ಸಿಮೆಂಟು ಗಚ್ಚಿನ ಮೇಲೆ ನೇರವಾಗಿ ಹೊಡೆದು, ಗೋಡೆಗೆ ಬಿಗಿಯಾಗಿ ತಾಗಿಸಿಬಿಟ್ಟರು. ಆಶ್ವೀಜದ ಮಳೆಯಲ್ಲಿ ನೆಲದ ತೇವ ಮೇಲೇರಿತು. ಮರ ಉದ್ದಕ್ಕೆ ಹೆಚ್ಚು ಹಿಗ್ಗದು, ಅಡ್ಡಕ್ಕೆ ಹಿಗ್ಗುತ್ತದೆ. ಜಾಗವಿಲ್ಲದೆ ಹಲಗೆಗಳು ನಡುವೆ ಗುಬುಟಾಗಿ ಎದ್ದವು. ಕಿತ್ತು ನೋಡಿದರೆ ಅಡಿಯಲ್ಲಿ ಗೆದ್ದಲಿನ ಮಣ್ಣು. ಒಂದು ವರ್ಷದ ಅಡಿಕೆಯ ಹಣ ಹಾಗೆ ಹೋಯಿತು.

ಎರಡನೆಯ ಸಲ ಹಳೆಯ ಅಟ್ಟವೇ ನಮಗೆ ಪಾಠ ಹೇಳಿತು. ಅಜ್ಜನ ಕಾಲದ ರಾಗಿ ಅಟ್ಟದ ಹೊನ್ನೆ ಹಲಗೆಗಳು ಇಂದಿಗೂ ಗಟ್ಟಿಯಾಗಿವೆ, ಏಕೆಂದರೆ ಅವುಗಳಡಿ ಗಾಳಿಯಾಡುತ್ತದೆ. ಬೆಂಗಳೂರು ಕೋಟೆಯ ಬಳಿ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಯ ಮರಗೆಲಸವನ್ನು ನೋಡಿದವರಿಗೂ ಇದು ಮನದಟ್ಟಾಗುತ್ತದೆ. ಕಂಬಗಳನ್ನು ಕೂಡ ಮಣ್ಣಿಗೆ ತಾಗಿಸದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದಾರೆ. ಆದ್ದರಿಂದ ಈ ಬಾರಿ ಗಿಡ್ಡ ಕಲ್ಲುಗಳ ಮೇಲೆ ಜಂತೆ ಕೂರಿಸಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಹಲಗೆ ಹಾಸಿದೆವು. ಎದುರುಬದುರು ಗೋಡೆಗಳಲ್ಲಿ ಜಾಲರಿಯ ಕಿಂಡಿಗಳು, ಗೋಡೆಯ ಸುತ್ತ ಅರ್ಧ ಅಂಗುಲದ ಸಂದು. ಸಂದನ್ನು ಮುಚ್ಚುವ ಪಟ್ಟಿಯನ್ನು ಗೋಡೆಗೆ ಹೊಡೆಯಬೇಕು, ಹಲಗೆಗಲ್ಲ.

ಯಾವ ಮರ ಎಂಬುದು ಬೆಳೆಗಾರ ಮಿತ್ರರ ಮುಖ್ಯ ಪ್ರಶ್ನೆ. ತೇಗ, ಹೊನ್ನೆಗಳ ಚೇಗು ಉತ್ತಮ. ಬೆಲೆಯೂ ಹಾಗೆಯೇ, ಮತ್ತು ಹೊನ್ನೆ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು. ಕಾಫಿ ತೋಟದ ನೆರಳಿಗೂ ನಮ್ಮ ಬದುಗಳಿಗೂ ಹಾಕಿರುವ ಸಿಲ್ವರ್ ಓಕ್‌ಗೆ ಆ ಕಾಯಿದೆಯಲ್ಲಿ ವಿನಾಯಿತಿಯಿದೆ. ಅದು ತೇಗಕ್ಕಿಂತ ಮೆದು, ಗೆದ್ದಲಿಗೂ ಕುಟ್ಟೆ ಹುಳುವಿಗೂ ಪ್ರಿಯ. ಆದರೂ ಓಡಾಟ ಕಡಿಮೆಯಿರುವ ಮಲಗುವ ಕೋಣೆಗೆ ಸಾಲುತ್ತದೆ. ಕೊಯ್ದ ಹಸಿ ಹಲಗೆಯನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ಅಡ್ಡಪಟ್ಟಿ ಕೊಟ್ಟು ನೆರಳಿನಲ್ಲಿ ಪೇರಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಲೆಕ್ಕ. ಆತುರದವರಿಗೆ ಇದು ಹೇಳಿಸಿದ್ದಲ್ಲ. ಕೊಳ್ಳುವ ಮರದ ಜಾತಿಯಲ್ಲಿ ಸಂಶಯವಿದ್ದರೆ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರವಿಜ್ಞಾನ ಸಂಸ್ಥೆಯಲ್ಲಿ ವಿಚಾರಿಸಬಹುದು. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾಲಯವಾಗಿ ಆರಂಭವಾದದ್ದೇ ಅದು.

ಅಂಗಡಿಯಲ್ಲಿ ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆಗಳೂ ದೊರೆಯುತ್ತವೆ. ಒತ್ತಿದ ನಾರಿನ ಮೇಲೆ ಚಿತ್ರದ ಹಾಳೆ ಅಂಟಿಸಿದ ಅದನ್ನು ಸವೆದ ಮೇಲೆ ಎಸೆಯಬೇಕಷ್ಟೆ. ಅಸಲಿ ಹಲಗೆಯಾದರೆ ಉಜ್ಜುಗೊರಡು ಹಾಕಿ, ಅಗಸೆ ಎಣ್ಣೆ ಕುಡಿಸಿದರೆ ಮತ್ತೆ ಹೊಸದು. ಒಂದೇ ಹಲಗೆ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಅಡುಗೆಮನೆಗೂ ಬಚ್ಚಲಿಗೂ ಮಾತ್ರ ಮರ ಬೇಡವೇ ಬೇಡ, ಅಲ್ಲಿ ಕಲ್ಲಿಗೆ ಸಮನಿಲ್ಲ. ಹಲಗೆಯನ್ನು ನೀರು ಸುರಿದು ತೊಳೆಯಬಾರದು, ಹಿಂಡಿದ ಬಟ್ಟೆ ಸಾಕು. ನಮ್ಮ ಹೆಂಗಸರಿಗೆ ಇದನ್ನು ಒಪ್ಪಿಸಲು ಆರು ತಿಂಗಳಾಯಿತು!

ಎರಡು ಮಳೆಗಾಲ ಕಳೆದಿವೆ. ಬಾಗಿಲ ಬಳಿಯ ಒಂದು ಹಲಗೆ ತುಳಿದಾಗ ಕಿರ್ ಎನ್ನುತ್ತದೆ. ಬಡಗಿಯನ್ನು ಕರೆಸೋಣವೆಂದರೆ ತಾಯಿಯವರು ಒಪ್ಪುತ್ತಿಲ್ಲ. "ಇರ್ಲಿ ಬಿಡಪ್ಪ, ರಾತ್ರಿ ಯಾರು ಬಂದ್ರೂ ಗೊತ್ತಾಗ್ತೈತೆ" ಎನ್ನುತ್ತಾರೆ.