ಓಲುವ ಕಾರಿಗೊಂದು ಉಕ್ಕಿನ ಸರಳು

ಬೆಂಗಳೂರಿನಿಂದ ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟಕ್ಕೆ ಹಳೆಯ ಅಂಬಾಸಡರ್ ಕಾರಿನಲ್ಲಿ ಹೋದವರು ಒಂದು ವಿಷಯವನ್ನು ಗಮನಿಸಿರಬಹುದು. ಬಯಲಿನ ನೇರ ರಸ್ತೆಯಲ್ಲಿ ಹಿತವಾಗಿ ಸಾಗುವ ಕಾರು ಬೆಟ್ಟದ ತಿರುವುಗಳಲ್ಲಿ ಒಂದು ಮಗ್ಗುಲಿಗೆ ವಾಲುತ್ತದೆ; ಒಳಗೆ ಕುಳಿತವರು ಒಬ್ಬರ ಮೇಲೊಬ್ಬರು ಒರಗುತ್ತಾರೆ. ಇದನ್ನು ಕಡಿಮೆ ಮಾಡಲು ಹಳೆಯ ಕಾರುಗಳ ಅಭಿಮಾನಿಗಳು ಹಿಂದಿನ ಅಚ್ಚಿಗೆ ಉಕ್ಕಿನ ಸರಳೊಂದನ್ನು ಜೋಡಿಸುವುದುಂಟು. ಗ್ಯಾರೇಜಿನವರು ಇದನ್ನು ‘ಸ್ವೇ ಬಾರ್’ ಎನ್ನುತ್ತಾರೆ. ನಾವು ಓಲುತಡೆ ಸರಳು ಎಂದು ಕರೆಯೋಣ. ಅದು ಮಾಡುವ ಕೆಲಸವೇನು? ಮಾಡಲಾರದ ಕೆಲಸವೇನು? ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು.

ಮೊದಲು ಕಾರು ವಾಲುವುದೇಕೆಂಬುದನ್ನು ನೋಡೋಣ. ಪ್ರಯಾಣಿಕರೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು 25 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಿಂದ ಹೋಗುತ್ತಿದೆಯೆಂದು ಭಾವಿಸೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ದ್ರವ್ಯರಾಶಿಯಿಂದ ಗುಣಿಸಿದರೆ 4,800 ನ್ಯೂಟನ್ ಬಲ ದೊರೆಯುತ್ತದೆ. ರಸ್ತೆ ಟೈರುಗಳನ್ನು ಒಳಕ್ಕೆ ಒತ್ತುವ ಬಲ ಇದು. ಆದರೆ ಕಾರಿನ ಗುರುತ್ವಕೇಂದ್ರ ನೆಲದಿಂದ ಸುಮಾರು 60 ಸೆಂಟಿಮೀಟರ್ ಮೇಲಿದೆ. ಜಡತ್ವದಿಂದಾಗಿ ಮೇಲಿನ ಒಡಲು ನೇರವಾಗಿ ಹೋಗಲೆಳಸುತ್ತದೆ. ಆದುದರಿಂದ ಅದು ಹೊರಕ್ಕೆ ವಾಲಿ, ಹೊರಗಿನ ಸ್ಪ್ರಿಂಗುಗಳು ಕುಗ್ಗಿ, ಒಳಗಿನವು ಹಿಗ್ಗುತ್ತವೆ. ಗಾಲಿಗಳ ನಡುವಣ ಅಗಲ 1.35 ಮೀಟರ್ ಇದ್ದರೆ, ಒಳಗಾಲಿಗಳಿಂದ ಹೊರಗಾಲಿಗಳಿಗೆ ಸುಮಾರು 220 ಕಿಲೋಗ್ರಾಂ ಭಾರ ವರ್ಗವಾಗುತ್ತದೆ.

ಓಲುತಡೆ ಸರಳಿನ ರಚನೆ ಬಹು ಸರಳ. ಸೈಕಲ್ಲಿನ ಹಳೆಯ ಕಡ್ಡಿಯೊಂದನ್ನು ಒಂದು ಬದಿ ತೆರೆದ ಚೌಕದಂತೆ ಬಗ್ಗಿಸಿ, ಅದರ ನಡುಭಾಗವನ್ನು ಎರಡು ದಾರದ ಕುಣಿಕೆಗಳಲ್ಲಿ ಕೂರಿಸಿರಿ. ಎರಡು ತೋಳುಗಳನ್ನೂ ಒಟ್ಟಿಗೆ ಎತ್ತಿದರೆ ಕಡ್ಡಿ ಸುಮ್ಮನೆ ತಿರುಗುತ್ತದೆ. ಒಂದನ್ನು ಎತ್ತಿ ಮತ್ತೊಂದನ್ನು ಒತ್ತಿದರೆ ಮಾತ್ರ ನಡುಭಾಗ ತಿರುಚಿಕೊಂಡು ಎದುರು ಬೀಳುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳ ಕೇರಿಯಲ್ಲಿ ರೇಷ್ಮೆಯ ನೂಲಿಗೆ ಹುರಿ ಕೊಡುವುದನ್ನು ಕಂಡವರು ಬಲ್ಲರು. ಹುರಿಗೊಂಡ ದಾರವನ್ನು ಸಡಿಲ ಬಿಟ್ಟರೆ ಅದು ಮರಳಿ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಉಕ್ಕಿನ ಸರಳೂ ಹಾಗೆಯೇ. ಎರಡು ಗಾಲಿಗಳೂ ಒಟ್ಟಿಗೆ ಉಬ್ಬನ್ನು ಏರಿದಾಗ ಸುಮ್ಮನಿರುತ್ತದೆ. ಒಡಲು ವಾಲಿದಾಗ ತಡೆಯುತ್ತದೆ. ಕೆನಡಾದ ಸ್ಟೀಫನ್ ಕೋಲ್ಮನ್ ಎಂಬಾತ ಇಂಥ ಸಾಧನಕ್ಕೆ 1919ರಲ್ಲಿಯೇ ಪೇಟೆಂಟ್ ಪಡೆದನು.

ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 16 ಮಿಲಿಮೀಟರಿನ ಸರಳಿಗೆ ಬದಲಾಗಿ 20 ಮಿಲಿಮೀಟರಿನದನ್ನು ಹಾಕಿದರೆ ಬಿಗಿ ಸುಮಾರು ಎರಡೂವರೆ ಪಟ್ಟಾಗುತ್ತದೆ! ದಪ್ಪವಾದಷ್ಟೂ ಒಳ್ಳೆಯದೆಂದು ತೋರುವುದು ಸಹಜ. ಆದರೆ ಅಪಾಯವಿರುವುದು ಇಲ್ಲಿಯೇ.

ಮೇಲೆ ಹೇಳಿದ 220 ಕಿಲೋಗ್ರಾಂ ಭಾರವನ್ನು ಸರಳು ಕಡಿಮೆ ಮಾಡಲಾರದು. ಅದು ವೇಗ, ತಿರುವು, ಎತ್ತರ, ಅಗಲಗಳಿಂದ ನಿರ್ಧಾರವಾದುದು. ಸರಳು ಮಾಡುವುದು ಹಂಚಿಕೆಯನ್ನು ಮಾತ್ರ. ಹಿಂದೆ ಸರಳು ಹಾಕಿದರೆ ವರ್ಗವಾಗುವ ಭಾರದಲ್ಲಿ ಹೆಚ್ಚಿನ ಪಾಲು ಹಿಂದಿನ ಹೊರಗಾಲಿಯ ಮೇಲೆ ಬೀಳುತ್ತದೆ. ಟೈರಿನ ಹಿಡಿತವಾದರೋ ಭಾರದೊಡನೆ ಸಮಪ್ರಮಾಣದಲ್ಲಿ ಬೆಳೆಯುವುದಿಲ್ಲ. ಉದಾಹರಣೆಗೆ, 300 ಕಿಲೋಗ್ರಾಂ ಹೊತ್ತ ಟೈರು 270ರಷ್ಟು ಹಿಡಿತ ಕೊಟ್ಟರೆ, 450 ಹೊತ್ತದ್ದು 370ನ್ನೂ 150 ಹೊತ್ತದ್ದು 145ನ್ನೂ ಕೊಡಬಹುದೆಂದು ಇಟ್ಟುಕೊಳ್ಳೋಣ. ಸಮನಾಗಿ ಹೊತ್ತ ಎರಡು ಟೈರುಗಳ ಒಟ್ಟು ಹಿಡಿತ 540. ಅಸಮನಾಗಿ ಹೊತ್ತಾಗ 515. ಹೀಗೆ ಹಿಂಬದಿಯ ಹಿಡಿತ ಕುಗ್ಗುತ್ತದೆ. ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುವ ಸೋಮಾರಿ ಕಾರಿಗೆ ತೆಳುವಾದ ಸರಳು ಹದ ತರುತ್ತದೆ. ಮಿತಿ ಮೀರಿದ ದಪ್ಪನೆಯ ಸರಳಾದರೆ, ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಕಾರಿನ ಬಾಲವೇ ಹೊರಕ್ಕೆ ಬೀಸುತ್ತದೆ. ಒಡಲು ವಾಲದಿರುವುದರಿಂದ ಚಾಲಕನಿಗೆ ಮುನ್ಸೂಚನೆಯೂ ದೊರೆಯದು.

ಜೋಡಣೆಯಲ್ಲಿಯೂ ಎಚ್ಚರ ಬೇಕು. ಅಂಬಾಸಡರಿನಂತಹ, ಪಟ್ಟಿ ಸ್ಪ್ರಿಂಗುಗಳ ಮೇಲೆ ಗಟ್ಟಿ ಅಚ್ಚು ಕುಳಿತಿರುವ ಕಾರಿನಲ್ಲಿ ಸರಳಿನ ನಡುಭಾಗವನ್ನು ರಬ್ಬರ್ ಬುಷ್ಷುಗಳ ಮೂಲಕ ಅಚ್ಚಿಗೆ ಬಿಗಿದು, ತೋಳುಗಳ ತುದಿಗಳನ್ನು ಚಿಕ್ಕ ಕೊಂಡಿಗಳಿಂದ ಒಡಲಿಗೆ ಸೇರಿಸುವುದು ಒಂದು ಕ್ರಮ. ಮುಂದಿನ ಗಾಲಿಗಳಿಗೆ ಅಡೆ ಇಟ್ಟು, ಕಾರನ್ನು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಯಾರೂ ಕೆಳಗೆ ನುಸುಳಬಾರದು. ಅಚ್ಚು ಮೇಲೆ ಕೆಳಗೆ ಪೂರ್ತಿ ಆಡುವಾಗ ಸರಳು ಬ್ರೇಕಿನ ಕೊಳವೆಗಾಗಲಿ ಹೊಗೆಕೊಳವೆಗಾಗಲಿ ತಾಗಬಾರದು. ತುಕ್ಕು ಹಿಡಿದ ತಗಡಿಗೆ ಕೊಂಡಿ ಬಿಗಿದರೆ ತಗಡೇ ಹರಿಯುವುದು. ಕಡೆಯ ಬಿಗಿತವನ್ನು ಕಾರಿನ ಭಾರ ಗಾಲಿಗಳ ಮೇಲೆ ಕುಳಿತ ಅನಂತರವೇ ಮಾಡಬೇಕು. ಸಮನೆಲದಲ್ಲಿ ನಿಂತ ಕಾರಿನ ಸರಳಿನಲ್ಲಿ ತಿರುಚು ಇರಕೂಡದು.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ವಾಹನದ ಮಾರ್ಪಾಡುಗಳಿಗೆ ಮಿತಿ ಹಾಕಿದೆ. 2021ರ ನಿಯಮಗಳಂತೆ 50 ವರ್ಷ ದಾಟಿದ ಕಾರು ‘ವಿಂಟೇಜ್’ ಎನಿಸಿಕೊಳ್ಳಲು ಅದರ ಚಾಸಿ, ಒಡಲು, ಇಂಜಿನುಗಳು ಗಣನೀಯವಾಗಿ ಬದಲಾಗದೆ ಮೂಲರೂಪದಲ್ಲಿರಬೇಕು. ಆದುದರಿಂದ ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಬೆಸುಗೆ ಹಾಕಿದುದಕ್ಕಿಂತ ಬೋಲ್ಟಿನಿಂದ ಬಿಗಿದುದನ್ನು ಮರಳಿ ಬಿಚ್ಚುವುದು ಸುಲಭವೆಂಬುದನ್ನೂ ಮರೆಯಬಾರದು.

ಕೊನೆಗೆ ನಮ್ಮ ಲೆಕ್ಕಕ್ಕೆ ಮರಳೋಣ. ಅದೇ ತಿರುವಿನಲ್ಲಿ ವೇಗವನ್ನು 36ರಿಂದ 30 ಕಿಲೋಮೀಟರಿಗೆ ಇಳಿಸಿದರೆ ಪಕ್ಕದ ಬಲವೂ ವರ್ಗವಾಗುವ ಭಾರವೂ ನೂರಕ್ಕೆ 30ರಷ್ಟು ಕಡಿಮೆಯಾಗುತ್ತವೆ. ಯಾವ ಸರಳೂ ಮಾಡಲಾರದ ಈ ಕೆಲಸವನ್ನು ಚಾಲಕನ ಬಲಗಾಲು ಯಾವ ಖರ್ಚೂ ಇಲ್ಲದೆ ಮಾಡಬಲ್ಲುದು.